ಮಳೆ ಬೀಳದ ಕಡೆಯ ಗಿಡ: ಒಳಗಿಟ್ಟ ಕುಂಡಕ್ಕೆ ಹುಳು ಬಿದ್ದಾಗ

ಜೂನ್ ಮೊದಲ ವಾರ ಮಳೆ ಹಿಡಿಯಿತು ಅಂದರೆ ಕೊಡಗಿನ ಮನೆಗಳಲ್ಲಿ ಎರಡು ಸಾಮಾನು ಒಳಗೆ ಬರುತ್ತವೆ. ಒಂದು ಸೌದೆ, ಇನ್ನೊಂದು ಹೂವಿನ ಕುಂಡ. ಸೌದೆ ಒಲೆಯ ಪಕ್ಕಕ್ಕೆ, ಕುಂಡ ಜಗಲಿಗೆ. ಜಗಲಿ ತುಂಬಿದರೆ ಹಾಲ್‌ನ ಕಿಟಕಿಗೆ, ಅಲ್ಲೂ ಜಾಗ ಇಲ್ಲದಿದ್ದರೆ ಮೆಟ್ಟಿಲಿಗೆ. ಬಿಗೋನಿಯಾ, ಜರೇನಿಯಂ, ಆಫ್ರಿಕನ್ ವಯೊಲೆಟ್, ಒಳ್ಳೆ ಬಣ್ಣದ ಆಂಥೂರಿಯಂ. ಇವನ್ನೆಲ್ಲ ಅಂಗಳದಲ್ಲೇ ಬಿಟ್ಟರೆ ಆಟಿ ತಿಂಗಳ ಮಳೆಗೆ ಕೊಳೆತು ಹೋಗುತ್ತವೆ. ಹಾಗಾಗಿ ಸೆಪ್ಟೆಂಬರ್ ಕಳೆಯುವವರೆಗೆ ಅವೂ ಮನೆಯವರ ಹಾಗೆ ಒಳಗೇ ವಾಸ.

ಒಂದು ವರ್ಷ ಹೀಗೆ ಒಳಗೆ ತಂದಿದ್ದ ಕುಂಡಗಳಲ್ಲಿ ಒಂದು ಆಂಥೂರಿಯಂನ ತೊಟ್ಟಿನ ಬುಡದಲ್ಲಿ ಹತ್ತಿ ಚೂರಿನಂಥದ್ದು ಕಂಡಿತು. ಬೂಷ್ಟು ಅಂದುಕೊಂಡೆ. ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ಕಪಾಟಿನಲ್ಲಿರುವ ಮದುವೆ ಕೋಟಿಗೂ ಬೂಷ್ಟು. ಗಿಡಕ್ಕೆ ಬಂದರೆ ಏನು ವಿಶೇಷ? ಹದಿನೈದು ದಿನ ಬಿಟ್ಟು ನೋಡಿದರೆ ಆರು ಕುಂಡಕ್ಕೆ ಹಬ್ಬಿತ್ತು. ಅದು ಹಿಟ್ಟು ತಿಗಣೆ, ಗಿಡದ ರಸ ಹೀರುವ ಸಣ್ಣ ಹುಳು. ತೋಟದಲ್ಲಿ ಕಾಫಿ ಗೊಂಚಲಿನ ಮೇಲೆ ಕಂಡಿದ್ದರೆ ದೂರದಿಂದಲೇ ಹೇಳುತ್ತಿದ್ದೆ. ಹಾಲಿನ ಕಿಟಕಿಯಲ್ಲಿ ಕೂತಿದ್ದಕ್ಕೆ ಗುರುತೇ ಸಿಗಲಿಲ್ಲ.

ಆಮೇಲೆ ಗಾಬರಿಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡನ್ನು ದಪ್ಪಗೆ ಕಲಸಿ ಒಂದೇ ಸಲ ಜೋರಾಗಿ ಹೊಡೆದೆ. ಎರಡು ದಿನಕ್ಕೆ ಎಲೆಯ ಅಂಚು ಸುಟ್ಟಿತು. ತಿಗಣೆ ಮೂರು ವಾರಕ್ಕೆ ವಾಪಸ್ ಬಂತು. ಅವತ್ತಿಂದ ಈ ವಿಷಯವನ್ನು ಸ್ವಲ್ಪ ಓದಿ, ಜಾಸ್ತಿ ಕೈಯಿಂದ ಮಾಡಿ ಕಲಿತಿದ್ದೇನೆ. ಔಷಧಿ ಎಷ್ಟು ಖಾರ ಅನ್ನುವುದಕ್ಕಿಂತ ಯಾವ ದಿನ, ಎಷ್ಟು ಸಲ ಹಾಕುತ್ತೇವೆ ಅನ್ನುವುದೇ ಇಲ್ಲಿ ಕೆಲಸ ಮಾಡುವುದು. ಯಾಕೆ ಹಾಗೆ ಅಂತ ಗೊತ್ತಾದರೆ ಅರ್ಧ ಔಷಧಿ ಬೇಕಾಗುವುದೂ ಇಲ್ಲ.

ಒಳಗೆ ಬಂದ ಮೇಲೆ ಯಾಕೆ ಹೆಚ್ಚುತ್ತವೆ

ನಮ್ಮ ಕಾಫಿ ಗಿಡಗಳ ಮೇಲೆ ಹಿಟ್ಟು ತಿಗಣೆ, ಚಿಪ್ಪಿನ ಹಾಗೆ ಎಲೆಗೆ ಅಂಟಿ ಕೂರುವ ಹಸಿರು ಶಲ್ಕ ಕೀಟ ವರ್ಷವಿಡೀ ಅಲ್ಲೊಂದು ಇಲ್ಲೊಂದು ಇದ್ದೇ ಇರುತ್ತವೆ. ಆದರೂ ಎಲ್ಲಾ ವರ್ಷ ತೋಟ ಹಾಳಾಗುವುದಿಲ್ಲ. ಜೋರು ಮಳೆ ಮರಿಗಳನ್ನು ತೊಳೆದು ನೆಲಕ್ಕೆ ಹಾಕುತ್ತದೆ. ಗುಲಗಂಜಿ ಹುಳು, ಜೇಡ, ಹಸಿರು ರೆಕ್ಕೆಯ ಕ್ರೈಸೋಪಾದ ಮರಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಜಗಳು ಇವನ್ನೇ ತಿಂದು ಬದುಕುತ್ತವೆ. ಮಳೆಗಾಲದಲ್ಲಿ ಕಾಫಿ ಎಲೆಯ ಅಡಿ ನೋಡಿ. ಸತ್ತ ಹಸಿರು ಶಲ್ಕದ ಸುತ್ತ ಬಿಳಿ ಉಂಗುರ ಇರುತ್ತದೆ. ಅದು ಶಲ್ಕಕ್ಕೆ ಬಂದ ಶಿಲೀಂಧ್ರದ ಕಾಯಿಲೆ. ಗಿಡಕ್ಕೆ ಅದರಿಂದ ಏನೂ ಆಗುವುದಿಲ್ಲ.

ಕುಂಡವನ್ನು ಎತ್ತಿ ಒಳಗಿಟ್ಟ ದಿನ ಇದೆಲ್ಲವೂ ಒಟ್ಟಿಗೆ ತಪ್ಪಿಹೋಗುತ್ತದೆ. ಮಳೆ ಇಲ್ಲ, ಗಾಳಿ ಇಲ್ಲ, ತಿನ್ನುವವರಿಲ್ಲ. ಜೊತೆಗೆ ಅಡಿಗೆಮನೆಯ ಬೆಚ್ಚಗೆ ಬೇರೆ. ಗಿಡದ ಜೊತೆ ನಾಲ್ಕು ತಿಗಣೆ ಒಳಗೆ ಬಂದಿದ್ದರೆ ಅವುಗಳ ಪಾಲಿಗೆ ಅದು ಮಾವನ ಮನೆ. ಬೆಳಕು ಸಾಲದೆ ಗಿಡ ಬೇರೆ ಸೊರಗಿರುತ್ತದೆ. ಸೊರಗಿದೆ ಅಂತ ನಾವು ಒಂದು ಚಮಚ ಯೂರಿಯಾ ಹಾಕಿದೆವೋ, ಕೆಲಸ ಕೆಟ್ಟಿತು.

ಯೂರಿಯಾ ಹಾಕಿದರೆ ಯಾಕೆ ಕೆಡುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇರುವೆಗಳ ಕಥೆಯೂ ಅದರಲ್ಲೇ ಇದೆ. ತಿಗಣೆ, ಶಲ್ಕ, ಸಸ್ಯಹೇನು, ಬಿಳಿ ನೊಣ ಇವೆಲ್ಲ ಎಲೆ ಕಚ್ಚಿ ತಿನ್ನುವುದಿಲ್ಲ. ಸೂಜಿಯಂಥ ಮೂತಿಯನ್ನು ಗಿಡದ ರಸನಾಳಕ್ಕೆ ಚುಚ್ಚಿ ಹೀರುತ್ತವೆ. ಆ ರಸದಲ್ಲಿ ಸಕ್ಕರೆ ಬೇಕಾದಷ್ಟಿದೆ, ಮೈ ಬೆಳೆಯಲು ಬೇಕಾದ ಸಾರಜನಕ ಮಾತ್ರ ತೀರಾ ಕಮ್ಮಿ. ಆ ಚೂರು ಸಾರಜನಕಕ್ಕಾಗಿ ಹುಳು ಲೋಟಗಟ್ಟಲೆ ಪಾನಕ ಕುಡಿದ ಹಾಗೆ ಹೀರಬೇಕು. ಮಿಕ್ಕ ಸಕ್ಕರೆ ನೀರನ್ನು ಹಿಂದಿನಿಂದ ಬಿಟ್ಟುಬಿಡುತ್ತದೆ. ಎಲೆ ಮೇಲೆ, ಟೇಬಲ್ ಮೇಲೆ, ಕಿಟಕಿ ಕಟ್ಟೆ ಮೇಲೆ ಜಿಗುಟು ಜಿಗುಟಾಗಿ ಸಿಗುವುದು ಅದೇ. ಅದರ ಮೇಲೆ ಕಾಡಿಗೆ ಬಳಿದ ಹಾಗೆ ಕಪ್ಪು ಬೂಷ್ಟು ಬೆಳೆಯುತ್ತದೆ. ಯೂರಿಯಾ ಹಾಕಿದಾಗ ರಸದಲ್ಲಿ ಸಾರಜನಕ ಏರುತ್ತದೆ, ಎಲೆಯೂ ಮೆತ್ತಗಾಗುತ್ತದೆ. ಹುಳು ಬೇಗ ದೊಡ್ಡದಾಗುತ್ತದೆ, ಜಾಸ್ತಿ ಮರಿ ಹಾಕುತ್ತದೆ. ನಾವು ಗಿಡಕ್ಕೆ ಅಂತ ಹಾಕಿದ್ದು ತಿಗಣೆಯ ಬಾಣಂತನಕ್ಕೆ ಹೋಯಿತು.

ಆ ಸಿಹಿ ನೀರಿಗೆ ಇರುವೆ ಬರುತ್ತದೆ. ಸುಮ್ನೆ ನೆಕ್ಕಿ ಹೋಗುವುದಲ್ಲ, ಹಸು ಸಾಕಿದ ಹಾಗೆ ತಿಗಣೆಯನ್ನು ಸಾಕುತ್ತದೆ. ತಿನ್ನಲು ಬಂದ ಗುಲಗಂಜಿ ಹುಳುವನ್ನು ಕಚ್ಚಿ ಓಡಿಸುತ್ತದೆ. ಕಾಫಿ ತೋಟದಲ್ಲಿ ಹಿಟ್ಟು ತಿಗಣೆ ಹತೋಟಿ ಅಂದರೆ ಮೊದಲು ಇರುವೆ ಹತೋಟಿ ಅಂತ ಹಳಬರು ಹೇಳುವುದು ಇದಕ್ಕೇ. ಮನೆಯೊಳಗೂ ಅದೇ ಮಾತು. ಗೋಡೆಯಿಂದ ಕುಂಡಕ್ಕೆ ಇರುವೆ ಸಾಲು ಕಂಡರೆ ಆ ಗಿಡದ ಮೇಲೆ ಏನೋ ಹೀರುತ್ತಿದೆ ಅಂತಲೇ ಲೆಕ್ಕ. ಇದಕ್ಕೆ ಔಷಧಿ ಬೇಡ. ಅಜ್ಜಿಯ ಕಾಲದಲ್ಲಿ ತಿಂಡಿ ಕಪಾಟಿನ ನಾಲ್ಕೂ ಕಾಲಿನ ಅಡಿ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಅದನ್ನೇ ಮಾಡಿ. ಅಗಲ ತಟ್ಟೆಯಲ್ಲಿ ನೀರು, ನಡುವೆ ಒಂದು ಕಲ್ಲು, ಕಲ್ಲಿನ ಮೇಲೆ ಕುಂಡ. ಎಲೆ ಗೋಡೆಗೆ ತಾಗಬಾರದು, ತಾಗಿದರೆ ಅದೇ ಸೇತುವೆ. ನೀರನ್ನು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಾಯಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ.

ಹತ್ತಿ ಉಂಡೆಯ ಒಳಗೆ

ಹಿಟ್ಟು ತಿಗಣೆಯನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಬೇಕು. ಮಕ್ಕಳ ಪ್ರಾಜೆಕ್ಟ್ ಡಬ್ಬದಲ್ಲಿರುವ ಹತ್ತು ಪಟ್ಟಿನ ಲೆನ್ಸ್ ಸಾಕು. ಅಕ್ಕಿ ಕಾಳಿನ ಅರ್ಧದಷ್ಟು ಮೈ, ಮೇಲೆ ರಾಗಿ ಹಿಟ್ಟು ಜರಡಿ ಹಿಡಿದ ಹಾಗೆ ಮೇಣದ ಪುಡಿ, ಅಂಚಿಗೆ ಸುತ್ತಲೂ ಬಿಳಿ ಕುಚ್ಚು. ಕಡ್ಡಿಯಿಂದ ಮುಟ್ಟಿದರೆ ನಿಧಾನಕ್ಕೆ ಕಾಲು ಹಾಕುತ್ತದೆ. ಅದರ ಹಿಂದೆ ಇರುವ ಹತ್ತಿ ಉಂಡೆಯನ್ನು ಸೂಜಿಯಿಂದ ಬಿಡಿಸಿ ನೋಡಿ. ಒಳಗೆ ತಿಳಿ ಹಳದಿ ಮೊಟ್ಟೆಗಳು, ಗಸಗಸೆಗಿಂತ ಸಣ್ಣವು. ಒಂದು ಹೆಣ್ಣು 300ರಿಂದ 600 ಮೊಟ್ಟೆ ಇಡುತ್ತದೆ. ವಾರ ಹತ್ತು ದಿನಕ್ಕೆ ಮರಿ ಹೊರಗೆ ಬರುತ್ತದೆ. ಬೆಚ್ಚಗಿದ್ದರೆ ತಿಂಗಳೊಳಗೆ ಆ ಮರಿಯೂ ಮೊಟ್ಟೆ ಇಡುವಷ್ಟು ದೊಡ್ಡದು.

ಈಗ ನಾನು ಮಾಡಿದ ತಪ್ಪನ್ನು ಈ ಲೆಕ್ಕದಲ್ಲಿ ಇಟ್ಟು ನೋಡಿ. ಸೋಪಿನ ನೀರು ದೊಡ್ಡ ತಿಗಣೆಯ ಮೇಣದ ಮೇಲೆ ಜಾರಿ ಹೋಗುತ್ತದೆ. ಹತ್ತಿ ಉಂಡೆಯೊಳಗಿನ ಮೊಟ್ಟೆಗೆ ತಾಗುವುದೇ ಇಲ್ಲ. ಅದು ಕೊಲ್ಲುವುದು ಆಗಷ್ಟೇ ಹೊರಗೆ ಬಂದು, ಮೇಣ ಬೆಳೆಯದೆ ಬರಿಮೈಯಲ್ಲಿ ಓಡಾಡುವ ಮರಿಗಳನ್ನು. ನಾನು ಹೊಡೆದ ದಿನ ಹೊರಗಿದ್ದ ಮರಿಗಳೆಲ್ಲ ಸತ್ತವು, ಮಾರನೆ ದಿನ ಒಡೆದ ಮೊಟ್ಟೆಗಳಿಗೆ ಏನೂ ಆಗಲಿಲ್ಲ. ಎರಡು ಪಟ್ಟು ದಪ್ಪ ಕಲಸಿದರೂ ಇದರಲ್ಲಿ ಬದಲಾವಣೆ ಇಲ್ಲ, ಎಲೆ ಸುಡುವುದು ಬೇರೆ. ತೆಳ್ಳಗೆ ಕಲಸಿ ಏಳು ದಿನಕ್ಕೊಮ್ಮೆ ನಾಲ್ಕು ಸಲ ಹೊಡೆದರೆ ಪ್ರತಿ ತಂಡದ ಮರಿಯೂ ಬರಿಮೈಯಲ್ಲಿರುವಾಗಲೇ ಸಿಕ್ಕಿಬೀಳುತ್ತದೆ.

ದೊಡ್ಡವುಗಳಿಗೆ ಬೇರೆ ದಾರಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಶೇ. 70ರ ಐಸೋಪ್ರೊಪೈಲ್ ಆಲ್ಕೊಹಾಲ್, ಕಿವಿಗೆ ಹಾಕುವ ಹತ್ತಿ ಕಡ್ಡಿ, ಒಳ್ಳೆ ಬೆಳಕು. ಅದ್ದಿದ ಹತ್ತಿಯನ್ನು ತಿಗಣೆಗೆ ತಾಗಿಸಿ ಎರಡು ಎಣಿಸಿ. ಬಿಳಿ ಮೇಣ ಕರಗಿ ಒಳಗಿನ ಕೆಂಚು ಬಣ್ಣದ ಮೈ ಕಾಣುತ್ತದೆ. ಅಲ್ಲಿಗೆ ಅದರ ಕಥೆ ಮುಗಿಯಿತು. ಹತ್ತಿ ಉಂಡೆಯನ್ನೂ ಹಾಗೇ ಒರೆಸಿ ತೆಗೆಯಬೇಕು. ತೊಟ್ಟು ಕಾಂಡಕ್ಕೆ ಸೇರುವ ಸಂದು, ಎಲೆಯ ಅಡಿಯ ನಡುನರ, ಕುಂಡದ ಅಂಚಿನ ಮಡಿಕೆ, ಅಡಿಯ ತೂತು ಎಲ್ಲಾ ನೋಡಿ. ತಾಳ್ಮೆ ಬೇಕು, ನಿಜ. ಆದರೆ ಹೊರಗೆ ಮಳೆ ಸುರಿಯುವಾಗ ಮಧ್ಯಾಹ್ನ ಮೂರಕ್ಕೆ ನಮಗೇನು ಕೆಲಸ? ಸ್ಯಾನಿಟೈಸರ್ ಮಾತ್ರ ಬಳಸಬೇಡಿ, ಅದರಲ್ಲಿ ಗ್ಲಿಸರಿನ್, ಸೆಂಟು ಎಲ್ಲ ಇರುತ್ತದೆ. ಆಲ್ಕೊಹಾಲ್ ಇಟ್ಟುಕೊಂಡು ಒಲೆಯ ಹತ್ತಿರ ಕೂರುವುದೂ ಬೇಡ.

ಮೇಲೆಲ್ಲ ಸ್ವಚ್ಛ ಇದ್ದೂ ಗಿಡ ಕಂದುತ್ತಿದ್ದರೆ ಕುಂಡ ಬಗ್ಗಿಸಿ ಮಣ್ಣಿನ ಉಂಡೆಯನ್ನು ಹೊರಗೆ ತೆಗೆದು ನೋಡಿ. ಬೇರಿಗೂ ಒಂದು ಜಾತಿ ಹಿಟ್ಟು ತಿಗಣೆ ಬರುತ್ತದೆ. ಕರಿಮೆಣಸು ಬೆಳೆಯುವವರಿಗೆ ಅದರ ಪರಿಚಯ ಇದೆ. ಕುಂಡದ ಗೋಡೆಗೂ ಮಣ್ಣಿಗೂ ನಡುವೆ ಬಿಳಿ ಪುಡಿ ಅಂಟಿರುತ್ತದೆ. ಬೇರು ಪೂರ್ತಿ ತೊಳೆದು, ಹಳೆ ಮಣ್ಣು ದೂರ ಎಸೆದು, ಕುಂಡಕ್ಕೆ ಬಿಸಿನೀರು ಹಾಕಿ ಉಜ್ಜಿ, ಹೊಸ ಮಣ್ಣಲ್ಲಿ ನೆಡುವುದೇ ಸರಿ.

ನಾನು ಕೊಂದ ಗೆಳೆಯ

ಇದೊಂದು ಹೇಳಲೇಬೇಕು. ಒಂದು ಬೇಸಿಗೆಯಲ್ಲಿ ಜಗಲಿಯ ದಾಸವಾಳದ ಮೇಲೆ ದೊಡ್ಡ ದೊಡ್ಡ ಹಿಟ್ಟು ತಿಗಣೆ ಕಂಡವು. ಒಂದೊಂದು ಸೆಂಟಿಮೀಟರ್ ಉದ್ದ, ಜಡೆ ಬಿಟ್ಟ ಹಾಗೆ ಬಿಳಿ ಕುಚ್ಚು. ಎಂಥಾ ಕೊಬ್ಬಿದ ತಿಗಣೆ ಅಂತ ಒಂದೊಂದಾಗಿ ಹೊಸಕಿ ಹಾಕಿದೆ. ಎಂಟು ಇದ್ದವು. ಆಮೇಲೆ ತಿಳಿಯಿತು, ಅವು ತಿಗಣೆಯೇ ಅಲ್ಲ, ತಿಗಣೆಯನ್ನು ತಿನ್ನುವ ಗುಲಗಂಜಿ ಹುಳುವಿನ ಮರಿಗಳು. ಹೆಸರು ಕ್ರಿಪ್ಟೋಲೀಮಸ್. ಮರಿ ಥೇಟ್ ಹಿಟ್ಟು ತಿಗಣೆಯ ವೇಷ ಹಾಕಿಕೊಂಡೇ ಇರುತ್ತದೆ. ಗುರುತು ಹಿಡಿಯಲು ಎರಡು ಲಕ್ಷಣ ನೋಡಿ: ಗಾತ್ರ ತಿಗಣೆಯ ಎರಡು ಮೂರು ಪಟ್ಟು, ನಡಿಗೆ ಚುರುಕು. ದೊಡ್ಡದಾದ ಮೇಲೆ ನಾಲ್ಕು ಮಿಲಿಮೀಟರ್ ಉದ್ದದ ಕಪ್ಪು ಕಂದು ಹುಳು, ತಲೆ ಕಿತ್ತಳೆ ಬಣ್ಣ. ಒಂದೊಂದು ಮರಿ ನೂರಾರು ಎಳೆ ತಿಗಣೆ ತಿನ್ನುತ್ತದೆ. ಅಂಥ ಎಂಟನ್ನು ನಾನು ಕೈಯಾರೆ ಮುಗಿಸಿದ್ದೆ.

ಈ ಹುಳು ಮೂಲತಃ ನಮ್ಮದಲ್ಲ, ಆಸ್ಟ್ರೇಲಿಯಾದ್ದು. 1898ರಲ್ಲಿ ದಕ್ಷಿಣ ಭಾರತಕ್ಕೆ ತಂದಿದ್ದೇ ಕಾಫಿಯ ಹಸಿರು ಶಲ್ಕವನ್ನು ತಿನ್ನಲಿ ಅಂತ. ಅದಕ್ಕೆ ಇಷ್ಟವಾಗಿದ್ದು ಮಾತ್ರ ಹಿಟ್ಟು ತಿಗಣೆ. 1983ರಲ್ಲಿ ಟ್ರಿನಿಡಾಡ್‌ನಿಂದ ಲೆಪ್ಟೋಮ್ಯಾಸ್ಟಿಕ್ಸ್ ಅನ್ನುವ ಸಣ್ಣ ಕಣಜವೂ ಬಂತು. ಅದು ತಿಗಣೆಯ ಮೈಯೊಳಗೇ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದ ತಿಂದು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ನಮ್ಮ ಕಾಫಿ, ಕಿತ್ತಳೆಯ ಮೇಲೆ ಬರುವ ಪ್ಲಾನೊಕಾಕಸ್ ಸಿಟ್ರಿ ಅನ್ನುವ ಜಾತಿಯೇ ಪ್ರಪಂಚದ ಎಲ್ಲಾ ಗಾಜಿನಮನೆಗಳಲ್ಲೂ, ಫ್ಲ್ಯಾಟಿನ ಕುಂಡಗಳಲ್ಲೂ ಕಾಡುವ ತಿಗಣೆ. ಅಂದರೆ ತೋಟಕ್ಕೆ ಗೊತ್ತಿರುವ ವಿದ್ಯೆಯೇ ಕಿಟಕಿಗೂ ಸಾಕು. ಆದರೆ ಒಂದು ತೊಡಕು. ಗುಲಗಂಜಿ ಹುಳುವನ್ನು ತಂದು ಮನೆಯೊಳಗೆ ಬಿಟ್ಟರೆ ಅದು ಬೆಳಕಿನ ಕಡೆ ಹಾರಿ ಕಿಟಕಿ ಗಾಜಿಗೆ ತಲೆ ಚಚ್ಚಿಕೊಳ್ಳುತ್ತದೆ. ಜಗಲಿಯಲ್ಲಾದರೆ ಪರವಾಗಿಲ್ಲ. ಹಾಲ್‌ನೊಳಗೆ ಗುಲಗಂಜಿ ಹುಳುವಿನ ಕೆಲಸವನ್ನು ನಾವೇ ಮಾಡಬೇಕು.

ಸಂಜೆ ಲೈಟಿಗೆ ಮುತ್ತುವ ಕಪ್ಪು ನುಸಿ

ಮಳೆಗಾಲದಲ್ಲಿ ಜಾಸ್ತಿ ಜನ ಕೇಳುವುದು ಇದನ್ನೇ. ಕುಂಡ ಅಲ್ಲಾಡಿಸಿದರೆ ಸೊಳ್ಳೆಯಂಥ ಕಪ್ಪು ಪುಟಾಣಿಗಳು ಏಳುತ್ತವೆ, ಮೂಗಿಗೆ ಬರುತ್ತವೆ, ಕಾಫಿ ಲೋಟಕ್ಕೂ ಬೀಳುತ್ತವೆ. ಇವು ಅಣಬೆ ನುಸಿ. ಕಚ್ಚುವುದಿಲ್ಲ, ಎಲೆಯನ್ನೂ ತಿನ್ನುವುದಿಲ್ಲ. ಮೊಟ್ಟೆ ಇಡುವುದು ಒದ್ದೆ ಮಣ್ಣಿನ ಮೇಲ್ಪದರದಲ್ಲಿ. ಮರಿ ಗಾಜಿನ ನೂಲಿನಂತೆ ಪಾರದರ್ಶಕ, ತಲೆ ಮಾತ್ರ ಕಪ್ಪು ಚುಕ್ಕೆ. ಮಣ್ಣಿನಲ್ಲಿರುವ ಶಿಲೀಂಧ್ರ, ಕೊಳೆತ ಎಲೆ ಅದರ ಊಟ. ಸಂಖ್ಯೆ ಜಾಸ್ತಿಯಾದರೆ ಎಳೆ ಬೇರಿಗೂ ಬಾಯಿ ಹಾಕುತ್ತದೆ. ಸಸಿ, ಕಡ್ಡಿ ನೆಟ್ಟ ಕುಂಡಗಳಿಗೆ ಇದರಿಂದ ನಿಜವಾಗಿ ತೊಂದರೆ. ದೊಡ್ಡ ಗಿಡಕ್ಕೆ ಅಷ್ಟೇನೂ ಇಲ್ಲ, ನಮಗೆ ಕಿರಿಕಿರಿ ಅಷ್ಟೆ.

ನಮ್ಮಲ್ಲಿ ಇದು ಹೆಚ್ಚಲು ಒಂದು ಊರಿನ ಕಾರಣವೂ ಇದೆ. ಕುಂಡದ ಮಣ್ಣಿಗೆ ನಾವು ಕಾಫಿ ಸಿಪ್ಪೆ ಗೊಬ್ಬರ ಧಾರಾಳವಾಗಿ ಹಾಕುತ್ತೇವೆ. ಪೂರ್ತಿ ಕಳಿತಿದ್ದರೆ ಬಂಗಾರ. ಅರ್ಧ ಕಳಿತದ್ದನ್ನು ಹಾಕಿ, ಮೇಲೆ ಟೀ ಸೊಪ್ಪು, ಕಾಫಿ ಚರಟ ಸುರಿದು, ಮಳೆಗಾಲದಲ್ಲೂ ದಿನಾ ನೀರು ಹಾಕಿದರೆ ಅಣಬೆ ನುಸಿಗೆ ಅದು ಹುತ್ತರಿ ಹಬ್ಬದ ಊಟ. ಕಾಫಿ ಚರಟ ಹಾಕಿದರೆ ನುಸಿ ಓಡುತ್ತದೆ ಅಂತ ಮೊಬೈಲಿನಲ್ಲಿ ಓಡಾಡುವ ಮಾತನ್ನು ದಯವಿಟ್ಟು ನಂಬಬೇಡಿ. ನಾಲ್ಕು ದಿನದಲ್ಲಿ ಅದಕ್ಕೇ ಬೂಷ್ಟು ಹಿಡಿಯುತ್ತದೆ, ಬೂಷ್ಟು ತಿನ್ನಲು ನುಸಿ ಬರುತ್ತದೆ.

ಪರಿಹಾರದ ಮುಕ್ಕಾಲು ಪಾಲು ನೀರು ಹಾಕದೇ ಇರುವುದು. ಜುಲೈಯಲ್ಲಿ ಮಡಿಕೇರಿಯ ಕಡೆ ಗಾಳಿಯೇ ಒದ್ದೆ, ಒಳಗಿಟ್ಟ ಆಂಥೂರಿಯಂಗೆ ಹತ್ತು ದಿನ ನೀರಿಲ್ಲದಿದ್ದರೂ ಏನಾಗುವುದಿಲ್ಲ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಹಾಕಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಮೇಲೆ ಅರ್ಧ ಇಂಚು ಹೊಳೆ ಮರಳು ಹರಡಿದರೆ ಮೇಲ್ಪದರ ಬೇಗ ಒಣಗುತ್ತದೆ, ಮೊಟ್ಟೆ ಇಡಲು ಜಾಗ ಸಿಗುವುದಿಲ್ಲ. ಹಾರುವವುಗಳಿಗೆ ಹಳದಿ ಬಲೆ. ಅಂಗಡಿಯದ್ದೇ ಬೇಕೆಂದಿಲ್ಲ, ಹಳದಿ ಪ್ಲಾಸ್ಟಿಕ್ ಮುಚ್ಚಳಕ್ಕೆ ಹರಳೆಣ್ಣೆ ಬಳಿದು ಕಡ್ಡಿಗೆ ಸಿಕ್ಕಿಸಿದರೆ ಸಾಕು. ಮಣ್ಣಿನೊಳಗೆ ಮರಿ ಇದೆಯೋ ಇಲ್ಲವೋ ಗೊತ್ತಾಗಬೇಕಾದರೆ ಹಸಿ ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಮಣ್ಣಿನ ಮೇಲೆ ಅಂಗಾತ ಒತ್ತಿ ಇಡಿ. ಮೂರು ದಿನ ಬಿಟ್ಟು ತಿರುವಿದರೆ ಮರಿಗಳು ಅದರ ಅಡಿಗೆ ಬಂದು ಸೇರಿರುತ್ತವೆ. ಬಿಲ್ಲೆ ಸಮೇತ ಹೊರಗೆ ಎಸೆಯಬಹುದು.

ಇಷ್ಟಕ್ಕೂ ಬಗ್ಗದಿದ್ದರೆ ಬಿಟಿಐ ಇದೆ. ಸೊಳ್ಳೆ ಮರಿ ಕೊಲ್ಲಲು ನಿಂತ ನೀರಿಗೆ ಹಾಕುವ ಬ್ಯಾಕ್ಟೀರಿಯಾ ಪುಡಿ ಅದು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ ಸತ್ತ ಸೊಳ್ಳೆ ಮರಿಗಳಿಂದ ಸಿಕ್ಕಿದ್ದು. ಅಣಬೆ ನುಸಿಯೂ ಸೊಳ್ಳೆಯ ದೂರದ ನೆಂಟ, ಅದರ ಮರಿಗೂ ಇದು ನಾಟುತ್ತದೆ. ಮನುಷ್ಯರಿಗೆ, ನಾಯಿ ಬೆಕ್ಕಿಗೆ, ಮೀನಿಗೆ ಏನೂ ಮಾಡುವುದಿಲ್ಲ. ನೀರಿಗೆ ಕಲಸಿ ಮಣ್ಣಿಗೆ ಹಾಕಬೇಕು, ವಾರಕ್ಕೊಮ್ಮೆ, ನಾಲ್ಕು ವಾರ. ನುಸಿಯ ಒಂದು ಸುತ್ತು ಮುಗಿಯಲು ಮೂರು ನಾಲ್ಕು ವಾರ ಬೇಕು, ಅದಕ್ಕೇ.

ಬೇಸಿಗೆಯ ಗಿರಾಕಿಗಳು

ಜನವರಿ ಬಂತೆಂದರೆ ಆಟ ಬದಲು. ಕಾಫಿ ಕೊಯ್ಲಿನ ಕಾಲ, ಒಣ ಗಾಳಿ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೆ ಎಲ್ಲೆಲ್ಲೂ ಧೂಳು. ಈಗ ಬರುವುದು ಜೇಡನುಸಿ. ಇದು ಕೀಟವೇ ಅಲ್ಲ, ಎಂಟು ಕಾಲಿನದು, ಜೇಡ, ಉಣ್ಣೆಯ ಕುಲ. ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಎಲೆ ಮೇಲೆ ಸೂಜಿ ಮೊನೆಯಷ್ಟು ಬಿಳಿ ಚುಕ್ಕೆಗಳು ತುಂಬಿ, ಹಸಿರು ಮಾಸಿ, ಬೂದಿ ಎರಚಿದ ಹಾಗಿದ್ದರೆ ಎಲೆಯ ಅಡಿ ಬಿಳಿ ಕಾಗದ ಹಿಡಿದು ಎರಡು ಸಲ ತಟ್ಟಿ. ಕಾಗದದ ಮೇಲೆ ಬಿದ್ದ ಧೂಳಿನಲ್ಲಿ ಕೆಲವು ಕಣಗಳು ನಡೆಯಲು ಶುರುಮಾಡುತ್ತವೆ. ಬೆರಳಿಂದ ಒತ್ತಿ ಎಳೆದರೆ ಕೆಂಪು ಅಥವಾ ಹಸಿರು ಗೆರೆ. ಎಲೆಗಳ ನಡುವೆ ಸಣ್ಣ ಬಲೆ ಕಂಡಿತೆಂದರೆ ತಡವಾಗಿದೆ ಅಂತ ಅರ್ಥ.

ಸೆಕೆಯಲ್ಲಿ ಮೊಟ್ಟೆ ದೊಡ್ಡ ನುಸಿಯಾಗಲು ಒಂದು ವಾರ ಸಾಕು. ತಿಗಣೆಗೆ ಏಳು ದಿನಕ್ಕೊಮ್ಮೆ ಅಂದೆನಲ್ಲ, ಇದಕ್ಕೆ ನಾಲ್ಕು ಐದು ದಿನಕ್ಕೊಮ್ಮೆ. ಒಳ್ಳೆ ಸುದ್ದಿ ಏನೆಂದರೆ ಇದಕ್ಕೆ ನೀರೆಂದರೆ ಆಗದು. ಕುಂಡದ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಬಚ್ಚಲಿಗೆ ಒಯ್ದು, ಬಗ್ಗಿಸಿ ಹಿಡಿದು ಹ್ಯಾಂಡ್ ಶವರ್‌ನಿಂದ ಎಲೆಯ ಅಡಿಗೆ ಜೋರಾಗಿ ನೀರು ಬಿಡಿ. ಮಳೆ ಮಾಡುವ ಕೆಲಸ ಇದು, ಅಷ್ಟೇ. ಮೂರು ಸಲ ಹೀಗೆ ಸ್ನಾನ ಮಾಡಿಸಿದರೆ ಮುಕ್ಕಾಲು ಗಿಡ ಔಷಧಿ ಇಲ್ಲದೇ ಸರಿಹೋಗುತ್ತದೆ. ಕೀಟಕ್ಕೆಂದು ಹೊಡೆಯುವ ಎಷ್ಟೋ ಔಷಧಿ ಜೇಡನುಸಿಗೆ ನಾಟುವುದೇ ಇಲ್ಲ. ಅದನ್ನು ತಿನ್ನುವ ಹುಳುಗಳನ್ನು ಕೊಂದು ಇದನ್ನು ಇನ್ನೂ ಹೆಚ್ಚು ಮಾಡುತ್ತದೆ.

ಥ್ರಿಪ್ಸ್ ನುಸಿ ಏಲಕ್ಕಿ ಬೆಳೆದವರಿಗೆ ಗೊತ್ತು, ಕಾಯಿ ಮೇಲೆ ಕಜ್ಜಿ ಮಾಡುವ ಗುಂಪಿನದೇ. ಕುಂಡದ ಗಿಡದಲ್ಲಿ ಎಲೆ ಮೇಲೆ ಬೆಳ್ಳಿ ಗೀರು, ಪಕ್ಕದಲ್ಲಿ ಕಪ್ಪು ಚುಕ್ಕೆ ಹಿಕ್ಕೆ. ಇದು ಸ್ವಲ್ಪ ಕಷ್ಟದ ಗಿರಾಕಿ. ಮೊಟ್ಟೆ ಎಲೆಯ ಒಳಗೆ, ಕೋಶದ ಹಂತ ಮಣ್ಣಿನಲ್ಲಿ, ಹಾಗಾಗಿ ಒಂದು ಸಿಂಪಡಣೆಗೆ ಅರ್ಧವೂ ಸಿಗುವುದಿಲ್ಲ. ಹೂವು, ಹಾಳಾದ ಎಲೆ ಕತ್ತರಿಸಿ ಸುಟ್ಟುಬಿಡಿ, ಹಳದಿ ಅಥವಾ ನೀಲಿ ಬಲೆ ಹಾಕಿ, ವಾರಕ್ಕೊಮ್ಮೆ ಬಿಡದೆ ಹೊಡೆಯಿರಿ.

ಶಲ್ಕಕ್ಕೆ ಉಗುರು ಸಾಕು, ಚಿಪ್ಪನ್ನು ಕೆರೆದು ತೆಗೆಯಿರಿ, ಆಮೇಲೆ ಮರಿಗಳಿಗೆ ಸೋಪು. ಸಸ್ಯಹೇನು ಮೊಟ್ಟೆಯನ್ನೂ ಇಡದೆ ನೇರವಾಗಿ ಮರಿ ಹಾಕುತ್ತದೆ, ಗಂಡಿನ ಹಂಗೂ ಇಲ್ಲ. ಆದರೆ ಮೈ ಮೆತ್ತಗೆ, ನೀರಿಗೂ ಸೋಪಿಗೂ ಬೇಗ ಸೋಲುತ್ತದೆ.

ಸೋಪು, ಬೇವು, ಅಳತೆ

ಸೋಪು ಹುಳುವನ್ನು ವಿಷದಿಂದ ಕೊಲ್ಲುವುದಿಲ್ಲ. ಅದರ ಮೈಮೇಲಿನ ಮೇಣದ ಪದರ ಕಿತ್ತು, ಉಸಿರಾಡುವ ತೂತುಗಳನ್ನು ಮುಚ್ಚುತ್ತದೆ. ಹಾಗಾಗಿ ಹುಳುವಿನ ಮೈಗೆ ನೇರವಾಗಿ ತಾಗಬೇಕು, ಅದೂ ಒದ್ದೆ ಇರುವಷ್ಟು ಹೊತ್ತು ಮಾತ್ರ ಕೆಲಸ. ಒಣಗಿದ ಮೇಲೆ ಸೋಪು ಬರೀ ಕಲೆ. ಎಲೆಯ ಮೇಲ್ಗಡೆ ಚಂದವಾಗಿ ಹೊಡೆದು ಅಡಿ ಬಿಟ್ಟರೆ ಹೊಡೆಯದಿದ್ದ ಹಾಗೆಯೇ.

ಪಾತ್ರೆ ಲಿಕ್ವಿಡ್ ಸೋಪಲ್ಲ, ಡಿಟರ್ಜೆಂಟ್. ಎಲೆಯ ಮೇಣವನ್ನೂ ತೆಗೆದುಬಿಡುತ್ತದೆ. ಅದರ ಬದಲು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಇವೆ. ನಾನು ಈಗ ಬಳಸುವುದು ಅದನ್ನೇ. ನಮ್ಮ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಆ ಸಂಸ್ಥೆಯದ್ದೇ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಬಹುದು. ಪೊಟ್ಟಣದ ಮೇಲೆ ಇರುವ ಅಳತೆ ಮೀರಬೇಡಿ.

ಬೇವಿನ ಎಣ್ಣೆ ಲೀಟರಿಗೆ 3ರಿಂದ 5 ಮಿಲಿ, ಕಲಸಲು ನಾಲ್ಕು ಹನಿ ಸೋಪು. ಎಣ್ಣೆ ಮತ್ತು ಸೋಪನ್ನು ಮೊದಲು ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಕುಲುಕಿ ಹಾಲಿನಂತೆ ಮಾಡಿ, ಆಮೇಲೆ ಉಳಿದ ನೀರು. ಬೇವು ಬಯಲುಸೀಮೆಯ ಮರ, ನಮ್ಮ ಚಳಿ ಅದರ ಎಣ್ಣೆಗೂ ಆಗಿಬರುವುದಿಲ್ಲ, ಬಾಟಲಿಯಲ್ಲೇ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಸಾಕು, ಒಲೆಯ ಮೇಲೆ ಕಾಯಿಸಬೇಡಿ. ಇದರಲ್ಲಿರುವ ಅಜಾಡಿರಾಕ್ಟಿನ್ ಅನ್ನುವ ಅಂಶ ಹುಳುವಿನ ಹಸಿವು ಕೆಡಿಸುತ್ತದೆ, ಪೊರೆ ಕಳಚುವ ಕೆಲಸವನ್ನು ತಪ್ಪಿಸುತ್ತದೆ. ಅಂದರೆ ಇವತ್ತು ಹೊಡೆದರೆ ನಾಳೆ ಹುಳು ಹಾಗೇ ಇರುತ್ತದೆ. ಔಷಧಿ ಡೂಪ್ಲಿಕೇಟ್ ಅಂತ ಬೈಯುವ ಮೊದಲು ವಾರ ಕಾಯಿರಿ. ಬಿಸಿಲಿಗೆ ಇದು ಬೇಗ ಹಾಳಾಗುತ್ತದೆ, ಸಂಜೆ ಹೊಡೆಯುವುದು ಒಳ್ಳೆಯದು. ಕಲಸಿದ್ದನ್ನು ನಾಳೆಗೆ ಇಡಬೇಡಿ. ವಾಸನೆ ಮಾತ್ರ ಎರಡು ದಿನ ಇರುತ್ತದೆ, ನೆಂಟರು ಬರುವ ಹಿಂದಿನ ದಿನ ಬೇಡ.

ಎಲ್ಲಾ ಗಿಡಕ್ಕೂ ಎಲ್ಲವೂ ಆಗುವುದಿಲ್ಲ. ಮೇಡನ್ ಹೇರ್ ಥರದ ಜರಿಗಿಡಗಳು, ಆಫ್ರಿಕನ್ ವಯೊಲೆಟ್‌ನ ರೋಮದ ಎಲೆ, ಬೂದಿ ಹೊದ್ದ ಸಕ್ಯುಲೆಂಟ್ ಇವಕ್ಕೆ ಸೋಪು, ಎಣ್ಣೆ ಎರಡೂ ಕಷ್ಟ. ಮೊದಲು ಒಂದು ಎಲೆಗೆ ಹಾಕಿ ಎರಡು ದಿನ ನೋಡಿ.

ಇನ್ನು ತೋಟದ ಗೋಡೌನಿನಲ್ಲಿ ಉಳಿದಿರುವ ಔಷಧಿ. ಅದನ್ನು ಮನೆಯೊಳಗೆ ತರಬೇಡಿ, ಇದರಲ್ಲಿ ನನ್ನದು ಖಡಾಖಂಡಿತ ಮಾತು. ಬಾಟಲಿಯ ಮೇಲಿನ ತ್ರಿಕೋನ ನೋಡಿ: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕಿಟಕಿ ಮುಚ್ಚಿ ಬೆಂಕಿ ಕಾಯಿಸುತ್ತಾ ಕೂರುವ ಮನೆಯೊಳಗೆ ಕೆಂಪು, ಹಳದಿ ಎರಡಕ್ಕೂ ಜಾಗ ಇಲ್ಲ. ಮೊದಲೆಲ್ಲ ಕುಂಡಕ್ಕೂ ನಾಲ್ಕು ಕಾಳು ಹಾಕುತ್ತಿದ್ದ ಫೋರೇಟ್ ಹರಳನ್ನಂತೂ 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಮೂಲೆಯಲ್ಲಿ ಹಳೆ ಪೊಟ್ಟಣ ಇದ್ದರೆ ಮಕ್ಕಳ ಕೈಗೆ ಸಿಗುವ ಮೊದಲು ಕೃಷಿ ಇಲಾಖೆಯವರನ್ನು ಕೇಳಿ. ಹೊಗೆಸೊಪ್ಪಿನ ಕಷಾಯ ನಾಟಿ ಮದ್ದಲ್ವಾ ಅಂತ ಕೇಳುವವರಿದ್ದಾರೆ. ನಾಟಿ ಹೌದು, ನಿಕೋಟಿನ್ ವಿಷವೂ ಹೌದು, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಒಲೆಬೂದಿ ಸ್ವಲ್ಪ ಕೆಲಸ ಮಾಡುತ್ತದೆ. ಆದರೆ ಅದು ಸುಣ್ಣದ ಗುಣದ್ದು, ಹುಳಿಮಣ್ಣು ಬೇಡುವ ಆಂಥೂರಿಯಂ ಕುಂಡಕ್ಕೆ ಪದೇಪದೇ ಹಾಕುವಂಥದ್ದಲ್ಲ.

ಬಾಗಿಲಲ್ಲೇ ತಡೆಯುವುದು

ನಮ್ಮಲ್ಲಿ ಯಾರ ಮನೆಗೆ ಹೋದರೂ ಬರುವಾಗ ಕೈಯಲ್ಲಿ ಒಂದು ಕಡ್ಡಿ ಇರುತ್ತದೆ. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆ ಬೇರೆ. ಕದ್ದರೂ ಕೇಳಿ ತಂದರೂ ತಿಗಣೆ ಮಾತ್ರ ಜೊತೆಗೇ ಬರುತ್ತದೆ. ನನ್ನ ಆ ಆರು ಕುಂಡದ ರಾಮಾಯಣ ಶುರುವಾಗಿದ್ದು ಒಂದು ನರ್ಸರಿಯಿಂದ ತಂದ ಆಂಥೂರಿಯಂನಿಂದ. ತಂದ ದಿನವೇ ಮಿಕ್ಕವುಗಳ ನಡುವೆ ಇಟ್ಟಿದ್ದು ನನ್ನದೇ ತಪ್ಪು. ಈಗ ಹೊಸ ಗಿಡ ಮೂರು ವಾರ ಬಚ್ಚಲುಮನೆಯ ಕಿಟಕಿಯಲ್ಲಿ ಒಂಟಿ. ಹಿಟ್ಟು ತಿಗಣೆಯ ಮೊಟ್ಟೆ ಒಡೆದು ಮರಿ ಕಣ್ಣಿಗೆ ಕಾಣುವಷ್ಟಾಗಲು ಅಷ್ಟು ಸಮಯ ಸಾಕು. ಜೂನ್‌ನಲ್ಲಿ ಅಂಗಳದ ಕುಂಡ ಒಳಗೆ ತರುವಾಗಲೂ ಒಂದೊಂದನ್ನೇ ಬಗ್ಗಿಸಿ ಎಲೆಯಡಿ ನೋಡಿ, ಸ್ನಾನ ಮಾಡಿಸಿ, ಹಳೆ ಎಲೆ ಕಿತ್ತು ತರುತ್ತೇನೆ. ಒಂದು ಮಧ್ಯಾಹ್ನದ ಕೆಲಸ.

ಎಷ್ಟು ಮಾಡಿದರೂ ಬಗ್ಗದ ಗಿಡವೂ ಇರುತ್ತದೆ. ನಾಲ್ಕು ಸುತ್ತು ಸರಿಯಾಗಿ ಹೊಡೆದ ಮೇಲೂ ಹೊಸ ಚಿಗುರಲ್ಲಿ ತಿಗಣೆ ಕಂಡರೆ ನಾನು ಆ ಗಿಡವನ್ನು ಉಳಿಸಲು ಹೋಗುವುದಿಲ್ಲ. ಚೆನ್ನಾಗಿರುವ ಒಂದು ತುದಿ ಸಿಕ್ಕರೆ ತೊಳೆದು ಕಡ್ಡಿ ನೆಡುತ್ತೇನೆ. ಉಳಿದದ್ದನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಸುಡುವುದೇ. ಗೊಬ್ಬರ ಗುಂಡಿಗೆ ಬಿಸಾಡಿದರೆ ಇರುವೆಗಳು ತಿಗಣೆಯನ್ನು ಹೊತ್ತುಕೊಂಡು ಪಕ್ಕದ ದಾಸವಾಳಕ್ಕೆ ಹತ್ತಿಸುತ್ತವೆ.

ಕಾವೇರಿ ಸಂಕ್ರಮಣ ಕಳೆದು, ಮಳೆ ಸ್ವಲ್ಪ ಬಿಟ್ಟ ಮೇಲೆ ಕುಂಡಗಳು ಮತ್ತೆ ಹೊರಗೆ ಹೋಗುತ್ತವೆ. ನೇರ ಬಿಸಿಲಿಗೆ ಇಟ್ಟರೆ ನಾಲ್ಕು ತಿಂಗಳು ಒಳಗಿದ್ದ ಎಲೆ ಸುಟ್ಟುಹೋಗುತ್ತದೆ, ಮೊದಲ ಹತ್ತು ದಿನ ಮರದ ನೆರಳು. ಕಳೆದ ಸಲ ಹಾಗೆ ಇಟ್ಟ ಒಂದು ಬಿಗೋನಿಯಾದಲ್ಲಿ ನನ್ನ ಕಣ್ಣು ತಪ್ಪಿಸಿ ಮೂರು ತಿಗಣೆ ಉಳಿದಿದ್ದವು. ಹತ್ತಿ ಕಡ್ಡಿ ತರಲು ಹೊರಟವನು ನಿಂತೆ. ಎಲೆಯ ಇನ್ನೊಂದು ತುದಿಯಿಂದ ಜಡೆ ಬಿಟ್ಟ ಬಿಳಿ ಮರಿಯೊಂದು ಚುರುಕಾಗಿ ಅವುಗಳ ಕಡೆಗೇ ನಡೆದು ಬರುತ್ತಿತ್ತು.